ಒಂದೇ ಎಕ್ಸ್-ರೇ, ಎರಡು ಅಭಿಪ್ರಾಯ: ಕ್ಷಯ ಪತ್ತೆಗೆ ಏಕರೂಪದ ಓದು ಏಕೆ ಬೇಕು?

ಎದೆಯ ಒಂದೇ ಎಕ್ಸ್-ರೇ ನೋಡಿ ಒಬ್ಬ ವೈದ್ಯರು 'ಕ್ಷಯ ಇರಬಹುದು' ಎಂದರೆ, ಇನ್ನೊಬ್ಬರು 'ಹಳೆಯ ಕಲೆ ಅಷ್ಟೇ' ಎನ್ನಬಹುದು. ಮೊದಲನೆಯವರು ತಪ್ಪಿದರೆ ರೋಗವಿಲ್ಲದವರು ಆರು ತಿಂಗಳು ಮಾತ್ರೆ ನುಂಗಬೇಕು. ಎರಡನೆಯವರು ತಪ್ಪಿದರೆ ಚಿಕಿತ್ಸೆ ತಡವಾಗಿ, ಮನೆಮಂದಿಗೂ ಸೋಂಕು ತಗಲಬಹುದು. ಹಾಗಾಗಿಯೇ ಎಕ್ಸ್-ರೇ ಓದುವ ಕ್ರಮವನ್ನು ಏಕರೂಪಗೊಳಿಸುವ ಪ್ರಯತ್ನ ದಶಕಗಳಿಂದ ನಡೆದಿದೆ.

ವ್ಯತ್ಯಾಸ ಎಷ್ಟು?

1940ರ ದಶಕದಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿದರು. ಪರಿಣತರ ನಡುವೆ ಮಾತ್ರವಲ್ಲ, ಅದೇ ವೈದ್ಯರು ಅದೇ ಚಿತ್ರವನ್ನು ಎರಡನೇ ಬಾರಿ ನೋಡಿದಾಗಲೂ ಅಭಿಪ್ರಾಯ ಬದಲಾಗುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ಕೂಡ, ಒಂದೇ ಚಿತ್ರ ನೋಡಿ ತೀರ್ಮಾನಿಸುವುದರ ಮಿತಿಗಳ ಬಗ್ಗೆ 1962ರಲ್ಲೇ ಬರೆದಿದ್ದರು. ಒಂಬತ್ತು ದೇಶಗಳ 90 ಓದುಗರು 1,100 ಚಿತ್ರಗಳನ್ನು ನೋಡಿದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಶ್ವಾಸಕೋಶದಲ್ಲಿ ಗುಳಿ ಇದೆಯೇ ಎಂಬ ಪ್ರಶ್ನೆಗೇ ಶೇ 28ರಷ್ಟು ಭಿನ್ನಾಭಿಪ್ರಾಯ ಕಂಡುಬಂದಿತ್ತು.

ಏಕರೂಪದ ಓದು ಎಂದರೆ ಏನು?

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ರೂಪುಗೊಂಡ 'ಸಿಆರ್‌ಆರ್‌ಎಸ್' ಪದ್ಧತಿ ಇದಕ್ಕೆ ಉದಾಹರಣೆ. ತರಬೇತಿ ಪಡೆದ ಓದುಗರು ನಿಗದಿತ ನಮೂನೆಯಲ್ಲಿ ಉತ್ತರ ದಾಖಲಿಸುತ್ತಾರೆ. ಇಂಥ ಓದಿನ ಮುಖ್ಯ ಹಂತಗಳು:

* ಗುಣಮಟ್ಟ: ರೋಗಿ ಪೂರ್ಣ ಉಸಿರೆಳೆದುಕೊಂಡಿದ್ದಾರೆಯೇ? ದೇಹ ತಿರುಗಿದೆಯೇ? ಶ್ವಾಸಕೋಶದ ತುದಿಯಿಂದ ತಳದವರೆಗೆ ಕಾಣುತ್ತಿದೆಯೇ?
* ಮೊದಲ ತೀರ್ಪು: ಚಿತ್ರ ಪೂರ್ತಿ ಸಹಜವಾಗಿದೆಯೇ, ಇಲ್ಲವೇ?
* ದೋಷದ ಜಾಗ: ಶ್ವಾಸಕೋಶದಲ್ಲೋ, ಅದರ ಹೊದಿಕೆಯಲ್ಲೋ, ಎದೆಯ ನಡುಭಾಗದಲ್ಲೋ?
* ಅಂತಿಮ ಪ್ರಶ್ನೆ: ಈ ಲಕ್ಷಣಗಳು ಕ್ಷಯಕ್ಕೆ ಹೊಂದುತ್ತವೆಯೇ?

ಇಬ್ಬರು ಪ್ರತ್ಯೇಕವಾಗಿ ಓದಿ, ಒಮ್ಮತವಿಲ್ಲದಿದ್ದರೆ ಮೂರನೆಯವರಿಗೆ ತೋರಿಸುವ ಕ್ರಮವೂ ಇದೆ.

ಎಐ ಬಂದರೆ ಸಮಸ್ಯೆ ಮುಗಿಯಿತೇ?

ಕಂಪ್ಯೂಟರ್ ದಣಿಯುವುದಿಲ್ಲ. ಅದೇ ಚಿತ್ರಕ್ಕೆ ಅದೇ ಅಂಕ ಕೊಡುತ್ತದೆ. 15 ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಗೆ ಇಂಥ ತಂತ್ರಾಂಶ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಆಗ ಪರಿಶೀಲನೆಗೆ ಒಳಗಾದವುಗಳಲ್ಲಿ ಮುಂಬೈ ಕಂಪನಿಯೊಂದರ 'ಕ್ಯೂಎಕ್ಸ್‌ಆರ್' ಕೂಡ ಒಂದು. ಆದರೆ ಎಷ್ಟು ಅಂಕ ಬಂದರೆ ಮುಂದಿನ ಪರೀಕ್ಷೆ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಮಿತಿ ಇಳಿಸಿದರೆ ಹೆಚ್ಚು ರೋಗಿಗಳು ಸಿಗುತ್ತಾರೆ, ಜೊತೆಗೆ ರೋಗವಿಲ್ಲದ ಹಲವರೂ ಪರೀಕ್ಷೆಗೆ ಹೋಗಬೇಕಾಗುತ್ತದೆ.

ಎಕ್ಸ್-ರೇ ಒಂದೇ ಸಾಕೇ?

ಸಾಲದು. ವಾಸಿಯಾದ ಕ್ಷಯದ ಕಲೆ, ನ್ಯುಮೋನಿಯಾ, ಕ್ಯಾನ್ಸರ್ ಕೂಡ ಅದೇ ರೀತಿ ಕಾಣಬಹುದು. ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್‌ನಂಥ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಹಾಗೆಂದು ಎಕ್ಸ್-ರೇ ಕೈಬಿಡುವಂತಿಲ್ಲ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳಲ್ಲಿ ಶೇ 42.6ರಷ್ಟು ಜನ, ಎಕ್ಸ್-ರೇ ಇಲ್ಲದಿದ್ದರೆ ಕೈತಪ್ಪುತ್ತಿದ್ದರು.

ಹಿಂದೆ ಎದೆಯ ಎಕ್ಸ್-ರೇ ತೆಗೆಸಿದ್ದರೆ ಜೋಪಾನವಾಗಿಡಿ. ಊರು ಬದಲಿಸಿ ಹೊಸ ವೈದ್ಯರ ಬಳಿ ಹೋದಾಗ, ಕಲೆ ಹಳೆಯದೋ ಹೊಸದೋ ಎಂದು ತಿಳಿಯಲು ಅದು ನೆರವಾಗುತ್ತದೆ.