ಸ್ಪ್ಯಾನಿಷ್ ಕ್ರಿಯಾಪದ: ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಕಲಿಕೆದಾರರಿಗೆ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದುವೂ ಬಳಕೆಯಲ್ಲಿವೆ. 1956ರವರೆಗೆ ಇದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಈ ಬಹುಭಾಷಿಕತೆ ಸ್ಪ್ಯಾನಿಷ್ ಕಲಿಕೆಗೆ ಒಳ್ಳೆಯ ಬಂಡವಾಳ.

ಸ್ಪ್ಯಾನಿಷ್ ಧಾತುಗಳು ಆರ್, ಎರ್, ಇರ್ ಎಂದು ಮುಗಿಯುವ ಮೂರು ಗುಂಪುಗಳು. ‘ಆಬ್ಲಾರ್’ (ಮಾತಾಡು) ಧಾತುವಿನಿಂದ ಆಬ್ಲೊ (ಮಾತಾಡುತ್ತೇನೆ), ಆಬ್ಲಾಸ್ (ಮಾತಾಡುತ್ತೀಯ), ಆಬ್ಲಾಮೋಸ್ (ಮಾತಾಡುತ್ತೇವೆ). ಕನ್ನಡದಂತೆ ಪ್ರತ್ಯಯವೇ ಕರ್ತೃವನ್ನು ಹೇಳುವುದರಿಂದ ಸರ್ವನಾಮ ಬಿಡಬಹುದು. ಆದರೆ ‘ಆಬ್ಲಾ’ ಎಂದರೆ ಮಾತಾಡುತ್ತಾನೆಯೂ ಹೌದು, ಮಾತಾಡುತ್ತಾಳೆಯೂ ಹೌದು. ಇನ್ನೂ ಒಂದು ತೊಡಕು: ‘ನೀವು’ ಎಂಬ ಗೌರವದ ‘ಉಸ್ತೆದ್’ಗೂ ಇದೇ ಪ್ರಥಮ ಪುರುಷದ ರೂಪ.

‘ಮೆ ಗುಸ್ತಾ’ ನಮ್ಮ ‘ನನಗೆ ಇಷ್ಟ’ದ ಜಾಡಿನಲ್ಲೇ ಇದೆ, ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಸುಮ್ಮನೆ ಒದ್ದಾಡುತ್ತಾರೆ. ಇಷ್ಟವಾದ ವಸ್ತು ಬಹುವಚನವಾದರೆ ಕ್ರಿಯಾಪದ ‘ಗುಸ್ತಾನ್’ ಆಗುತ್ತದೆ.

ನಿರ್ಜೀವ ವಸ್ತುಗಳಿಗೂ ಲಿಂಗವಿರುವುದು ಮರಾಠಿ, ಉರ್ದು ಬಲ್ಲವರಿಗೆ ಹೊಸದಲ್ಲ. ಆದರೂ ಊಹೆ ನಡೆಯದು: ಮರಾಠಿಯ ಪುಸ್ತಕ ನಪುಂಸಕ, ಉರ್ದುವಿನ ಕಿತಾಬ್ ಸ್ತ್ರೀಲಿಂಗ, ಸ್ಪ್ಯಾನಿಷಿನ ಲಿಬ್ರೊ ಪುಲ್ಲಿಂಗ.

ನಿಜವಾದ ಕಷ್ಟ ‘ಇರು’ವಿನದು. ಗುರುತು, ಊರು, ವೃತ್ತಿ ಹೇಳಲು ‘ಸೆರ್’. ಸ್ಥಿತಿ, ಇರುವ ಜಾಗ ಹೇಳಲು ‘ಎಸ್ತಾರ್’. ‘ಸೊಯ್ ದೆ ಹುಮನಾಬಾದ್’ ಎಂದರೆ ಹುಮನಾಬಾದಿನವ. ‘ಎಸ್ತೊಯ್ ಎನ್ ಹುಮನಾಬಾದ್’ ಎಂದರೆ ಸದ್ಯ ಅಲ್ಲಿದ್ದೇನೆ.