ಹೆಸರು ಹಲವು, ಎಂಜಿನ್ ಮೂರು

ದಿನಬಳಕೆಗೆ ಯಾವ ಬ್ರೌಸರು ಒಳ್ಳೆಯದು ಎಂದು ಕೇಳಿದರೆ ಉತ್ತರವೆಲ್ಲ ವೇಗ, ಮೆಮೊರಿ, ಜಾಹೀರಾತು ತಡೆಯುವ ಶಕ್ತಿ ಇವುಗಳ ಸುತ್ತಲೇ ಸುತ್ತುತ್ತದೆ. ಇಂಥ ಹೋಲಿಕೆಗಳು ಹೊಸ ಆವೃತ್ತಿ ಬಂದಾಗಲೆಲ್ಲ ಹಳತಾಗುತ್ತವೆ. ಹಳತಾಗದ ಅಳತೆಗೋಲೊಂದು ಬೇಕಿದ್ದರೆ ಬ್ರೌಸರುಗಳ ಚರಿತ್ರೆಯನ್ನೇ ನೋಡಬೇಕು. ಕನ್ನಡ ಪತ್ರಿಕೆ ಬೆಳಗ್ಗೆ ಬಾಗಿಲಿಗೆ ಬಾರದ ಊರುಗಳಲ್ಲಿರುವ ನಮಗೆ ಕನ್ನಡದ ಓದು ಬಹುಮಟ್ಟಿಗೆ ಈ ಕಿಟಕಿಯಿಂದಲೇ ಒಳಬರುತ್ತದೆ. ಆದ್ದರಿಂದ ಈ ಚರಿತ್ರೆ ನಮಗೂ ಸಂಬಂಧಿಸಿದ್ದು.

ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. ಅದು ನೆಕ್ಸ್ಟ್ ಎಂಬ ದುಬಾರಿ ಗಣಕದಲ್ಲಿ ಮಾತ್ರ ನಡೆಯುತ್ತಿತ್ತು. ಜನಸಾಮಾನ್ಯರ ಗಣಕಗಳಿಗೆ ಜಾಲವನ್ನು ತಂದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಸಿದ್ಧವಾದ ಮೊಸಾಯಿಕ್. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್ ಮರುವರ್ಷವೇ ನೆಟ್‌ಸ್ಕೇಪ್ ನ್ಯಾವಿಗೇಟರನ್ನು ಹೊರತಂದ ಸಂಸ್ಥೆಯ ಸ್ಥಾಪಕರಾದರು. ಕೆಲಕಾಲ ಜಾಲವೆಂದರೆ ನೆಟ್‌ಸ್ಕೇಪ್ ಎಂಬಂತಾಯಿತು.

1995ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಬಿಡುಗಡೆ ಮಾಡಿತು. ಮುಂದೆ ಅದನ್ನು ವಿಂಡೋಸ್ ಜೊತೆಗೇ ಸೇರಿಸಿ ಕೊಟ್ಟಿತು. ಈ ಕಟ್ಟುಸೇರಿಕೆಯ ವಿರುದ್ಧ ಅಮೆರಿಕ ಸರ್ಕಾರ 1998ರ ಮೇ ತಿಂಗಳಲ್ಲಿ ನ್ಯಾಯಾಲಯಕ್ಕೆ ಹೋಯಿತು. ಕಂಪನಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂಬುದನ್ನು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತಾದರೂ ಅಷ್ಟರಲ್ಲಿ ನೆಟ್‌ಸ್ಕೇಪ್ ಸೋತುಹೋಗಿತ್ತು. ಎದುರಾಳಿ ಇಲ್ಲದ ಮೇಲೆ ಓಡುವ ಅವಸರವೂ ಇರಲಿಲ್ಲ: ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ.

ಆ ಏಕಸ್ವಾಮ್ಯದ ಬೆಲೆಯನ್ನು ಕನ್ನಡ ಓದುಗರೂ ತೆತ್ತಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಆರಂಭದ ಕನ್ನಡ ಜಾಲತಾಣಗಳು ತಮ್ಮ ತಮ್ಮ ಫಾಂಟುಗಳನ್ನೇ ನೆಚ್ಚಿಕೊಂಡಿದ್ದವು. ಕಡತದಲ್ಲಿ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಆಕಾರ ಬರೆಯುತ್ತಿದ್ದುದು ಫಾಂಟು. ಫಾಂಟಿಲ್ಲದ ಗಣಕದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟದ ಜೊತೆಗೇ ಫಾಂಟನ್ನು ಕಳುಹಿಸುವ ಉಪಾಯವೊಂದನ್ನು ಮೈಕ್ರೋಸಾಫ್ಟ್ ರೂಪಿಸಿತು. ಆದರೆ ಅದು ನಡೆಯುತ್ತಿದ್ದುದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಹಾಗಾಗಿ ಅದನ್ನು ನೆಚ್ಚಿದ ಭಾರತೀಯ ಭಾಷೆಗಳ ತಾಣಗಳು ಬೇರೆ ಬ್ರೌಸರುಗಳಲ್ಲಿ ಓದಲಾಗದಂತಾದವು. ಯಾವ ಬ್ರೌಸರು ಎಂಬ ಆಯ್ಕೆ ಅಂದು ನಮ್ಮದಾಗಿರಲಿಲ್ಲ. ಕನ್ನಡ ಓದಬೇಕೆಂಬ ಆಸೆಯೇ ಅದನ್ನು ನಿರ್ಧರಿಸುತ್ತಿತ್ತು. ಹುಡುಕುಯಂತ್ರಗಳಿಗೂ ಆ ಪುಟಗಳಲ್ಲಿ ಕನ್ನಡ ಕಾಣುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟು ಬಂದು, ತಾಣಗಳು ಒಂದೊಂದಾಗಿ ಯೂನಿಕೋಡಿಗೆ ತಿರುಗಿದ ಮೇಲೆಯೇ ಈ ಕಟ್ಟು ಸಡಿಲವಾಯಿತು.

ಬ್ರೌಸರುಗಳ ಲೋಕದಲ್ಲಿ ಬಿಡುಗಡೆ ಎರಡು ದಾರಿಗಳಲ್ಲಿ ಬಂತು. ಸೋಲುತ್ತಿದ್ದ ನೆಟ್‌ಸ್ಕೇಪ್ 1998ರಲ್ಲಿ ತನ್ನ ಮೂಲಸಂಕೇತವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಅದರಿಂದ ಹುಟ್ಟಿದ ಮೊಜಿಲ್ಲಾ ಯೋಜನೆ 2004ರ ನವೆಂಬರಿನಲ್ಲಿ ಫೈರ್‌ಫಾಕ್ಸನ್ನು ಕೊಟ್ಟಿತು. ಇನ್ನೊಂದೆಡೆ, ಲಿನಕ್ಸ್ ಬಳಕೆದಾರರಿಗಾಗಿ ಸ್ವಯಂಸೇವಕರು ಬರೆದಿದ್ದ ಕೆಎಚ್‌ಟಿಎಂಎಲ್ ಎಂಜಿನ್ನನ್ನು ಆ್ಯಪಲ್ ಎತ್ತಿಕೊಂಡು 2003ರಲ್ಲಿ ಸಫಾರಿಯನ್ನು ಕಟ್ಟಿತು. ಆ ಎಂಜಿನ್ನಿನ ಹೊಸ ರೂಪವೇ ವೆಬ್‌ಕಿಟ್. ಗೂಗಲ್ 2008ರಲ್ಲಿ ಕ್ರೋಮನ್ನು ನಿಲ್ಲಿಸಿದ್ದು ಇದೇ ವೆಬ್‌ಕಿಟ್ಟಿನ ಮೇಲೆ. 2013ರಲ್ಲಿ ಅದು ಬೇರೆಯಾಗಿ ತನ್ನ ಶಾಖೆಗೆ ಬ್ಲಿಂಕ್ ಎಂದು ಹೆಸರಿಟ್ಟಿತು.

ಆಮೇಲೆ ನದಿ ಮತ್ತೆ ಒಂದೇ ಪಾತ್ರದತ್ತ ಹರಿಯತೊಡಗಿತು. ನಾರ್ವೆಯ ಓಪೆರಾ 2013ರಲ್ಲಿ ಸ್ವಂತ ಎಂಜಿನ್ನನ್ನು ಕೈಬಿಟ್ಟಿತು. 2020ರಲ್ಲಿ ಮೈಕ್ರೋಸಾಫ್ಟಿನ ಎಜ್ ಕೂಡ ಬ್ಲಿಂಕಿಗೆ ಬಂತು. ಇಂದು ಕ್ರೋಮ್, ಎಜ್, ಓಪೆರಾ, ಬ್ರೇವ್, ವಿವಾಲ್ಡಿ ಎಂದು ಹೆಸರು ಬೇರೆ ಬೇರೆಯಾದರೂ ಒಳಗಿನ ಎಂಜಿನ್ ಒಂದೇ. ಅದರ ಹೊರಗೆ ಪ್ರಮುಖವಾಗಿ ಉಳಿದಿರುವುವು ಎರಡು: ಸಫಾರಿಯ ವೆಬ್‌ಕಿಟ್ ಮತ್ತು ಫೈರ್‌ಫಾಕ್ಸಿನ ಗೆಕೋ. ಬ್ಲಿಂಕ್ ಮುಕ್ತ ತಂತ್ರಾಂಶ. ಎಕ್ಸ್‌ಪ್ಲೋರರಿನಂತೆ ಮುಚ್ಚಿದ ಪೆಟ್ಟಿಗೆಯಲ್ಲ. ಆದರೂ ಅದರ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಗೂಗಲ್. ವಿಸ್ತರಣೆಗಳ ನಿಯಮವನ್ನು ಗೂಗಲ್ ಬದಲಿಸಿದಾಗ, ಜಾಹೀರಾತು ತಡೆಯುವ ಹಳೆಯ ವಿಸ್ತರಣೆಗಳು ಕ್ರೋಮಿನಲ್ಲಿ ನಿಂತುಹೋದವು, ಫೈರ್‌ಫಾಕ್ಸಿನಲ್ಲಿ ಮುಂದುವರಿದವು. ಆದರೆ ಫೈರ್‌ಫಾಕ್ಸಿನ ಸ್ವಾತಂತ್ರ್ಯಕ್ಕೂ ಮಿತಿಯಿದೆ: ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಗೂಗಲ್ಲಿನಿಂದಲೇ.

ಮೊದಲೇ ಕೂರಿಸಿಕೊಟ್ಟದ್ದನ್ನು ನಾವು ಬದಲಿಸುವುದಿಲ್ಲ ಎಂಬ ನಂಬಿಕೆಗೆ ಎಷ್ಟು ಬೆಲೆ? ತನ್ನ ಹುಡುಕುಯಂತ್ರವನ್ನು ಬೇರೆ ಬೇರೆ ಬ್ರೌಸರು, ಫೋನುಗಳಲ್ಲಿ ಪೂರ್ವನಿಯೋಜಿತವಾಗಿ ಇರಿಸಲು ಗೂಗಲ್ 2021ರಲ್ಲಿ 2,600 ಕೋಟಿ ಡಾಲರಿಗೂ ಹೆಚ್ಚು ತೆತ್ತದ್ದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಹುಡುಕಾಟದಲ್ಲಿನ ಏಕಸ್ವಾಮ್ಯವನ್ನು ಕಂಪನಿ ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು 2024ರ ಆಗಸ್ಟಿನಲ್ಲಿ ತೀರ್ಪು ಬಂತು.

ಹೀಗಿರುವಾಗ ಒಂದನ್ನು ಆರಿಸಿ ಉಳಿದುದನ್ನು ಮರೆಯುವುದಕ್ಕಿಂತ, ಎರಡು ಬೇರೆ ಎಂಜಿನ್ನಿನ ಬ್ರೌಸರುಗಳನ್ನು ಇಟ್ಟುಕೊಳ್ಳುವುದೇ ಲೇಸೆಂದು ನಮಗೆ ತೋರುತ್ತದೆ. ಬ್ಯಾಂಕು, ಕಚೇರಿಗಳ ಕೆಲಸಕ್ಕೆ ಬ್ಲಿಂಕಿನದೊಂದು, ಓದಿಗೆ ಫೈರ್‌ಫಾಕ್ಸ್. ಮ್ಯಾಕ್ ಇರುವವರಿಗೆ ಸಫಾರಿಯೂ ಆಗಬಹುದು. ಹೋಲಿಸುವಾಗ ವೇಗದ ಅಂಕಿಗಳ ಜೊತೆಗೆ ನಮ್ಮದೇ ಪರೀಕ್ಷೆಯೊಂದು ಇರಲಿ. ಉದ್ದನೆಯ ಕನ್ನಡ ಲೇಖನವೊಂದನ್ನು ಎರಡರಲ್ಲೂ ತೆರೆದು ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತಕ್ಷರ ಸರಿಯಾಗಿ ಕೂತಿದೆಯೇ, ಅಕ್ಷರ ದೊಡ್ಡದು ಮಾಡಿದರೆ ಸಾಲು ಒಂದರ ಮೇಲೊಂದು ಬೀಳುತ್ತದೆಯೇ, ಪುಟದೊಳಗೆ ಕನ್ನಡ ಪದ ಹುಡುಕಿದರೆ ಸಿಗುತ್ತದೆಯೇ, ನಕಲಿಸಿದ ಸಾಲು ಬೇರೆಡೆ ಅಂಟಿಸಿದಾಗ ಹಾಗೆಯೇ ಉಳಿಯುತ್ತದೆಯೇ ಎಂದು ನೋಡಬೇಕು. ಯಾವುದಾದರೂ ತಾಣ ಒಂದೇ ಬ್ರೌಸರಿನಲ್ಲಿ ತೆರೆದುಕೊಂಡು ಇನ್ನೊಂದರಲ್ಲಿ ಕೆಟ್ಟರೆ, ಅದನ್ನು ನಡೆಸುವವರಿಗೆ ಎರಡು ಸಾಲು ಬರೆದು ತಿಳಿಸಬೇಕು. ಎಕ್ಸ್‌ಪ್ಲೋರರಿನ ಕಾಲದಲ್ಲಿ ಇನ್ನೊಂದು ಬ್ರೌಸರನ್ನು ಬಿಡದೆ ಬಳಸಿದ ಕೆಲವೇ ಜನರಿಂದ ಜಾಲ ಎಲ್ಲರದಾಗಿ ಉಳಿಯಿತು; ಈಗ ಆ ಸರದಿ ನಮ್ಮದು.