ಇಂಗಾಲ ತಟಸ್ಥತೆಯ ದಾರಿತಪ್ಪಿಸುವ ಜಾಹೀರಾತುಗಳು

ತನ್ನ ಚಟುವಟಿಕೆಯಿಂದ ವಾತಾವರಣ ಸೇರುವ ಹಸಿರುಮನೆ ಅನಿಲಗಳನ್ನು ಆದಷ್ಟು ತಗ್ಗಿಸಿ, ಉಳಿದದ್ದಕ್ಕೆ ಸಮನಾದ ಪ್ರಮಾಣವನ್ನು ಬೇರೆಡೆ ಕಡಿಮೆ ಮಾಡಿಸಿ ಲೆಕ್ಕವನ್ನು ಸೊನ್ನೆಗೆ ತರುವುದನ್ನು ಇಂಗಾಲ ತಟಸ್ಥತೆ ಎನ್ನುತ್ತಾರೆ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲವನ್ನು ತಗ್ಗಿಸಿದ್ದಕ್ಕೆ ದೊರೆಯುವ ಮಾರಾಟಯೋಗ್ಯ ಪ್ರಮಾಣಪತ್ರವೇ ಕಾರ್ಬನ್ ಕ್ರೆಡಿಟ್. ಇಂಥ ಕ್ರೆಡಿಟ್ ಕೊಂಡ ಸಂಗತಿಯನ್ನು ಮರೆಮಾಚಿ, ಸರಕಿನ ತಯಾರಿಕೆಯೇ ಮಾಲಿನ್ಯರಹಿತವೆಂಬ ನಂಬಿಕೆ ಹುಟ್ಟಿಸುವ ಜಾಹೀರಾತು ಗ್ರೀನ್‌ವಾಷಿಂಗ್, ಅಂದರೆ ಹುಸಿ ಪರಿಸರ ಕಾಳಜಿ, ಎನಿಸಿಕೊಳ್ಳುತ್ತದೆ.

ಕ್ರೆಡಿಟ್ ವ್ಯವಹಾರಕ್ಕೆ 1997ರ ಕ್ಯೋಟೊ ಒಪ್ಪಂದ ಅಂತರರಾಷ್ಟ್ರೀಯ ತಳಹದಿ ಒದಗಿಸಿತು. ಅದರಡಿ 2005ರಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಬಾಗೇಪಲ್ಲಿ ಪ್ರದೇಶದಲ್ಲಿ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ ನೋಂದಣಿಯಾಯಿತು. ಯೋಜನೆಯಿಲ್ಲದಿದ್ದರೆ ಎಷ್ಟು ಸೌದೆ, ಸೀಮೆಎಣ್ಣೆ ಉರಿಯುತ್ತಿತ್ತೆಂಬ ಅಂದಾಜಿನ ಮೇಲೆ ಇಂಥ ಯೋಜನೆಗಳ ಕ್ರೆಡಿಟ್ ನಿರ್ಧಾರವಾಗುವುದರಿಂದ, ಆ ಅಂದಾಜು ಉಬ್ಬಿದಷ್ಟೂ ಅದನ್ನು ನೆಚ್ಚಿದ ತಟಸ್ಥತೆ ಪೊಳ್ಳಾಗುತ್ತದೆ.

ಬೆಂಗಳೂರಿನ ಇನ್ಫೋಸಿಸ್ 2011ರಲ್ಲಿ ಗುರಿ ಪ್ರಕಟಿಸಿ, 2020ರಲ್ಲಿ ಇಂಗಾಲ ತಟಸ್ಥವಾದೆನೆಂದು ಘೋಷಿಸಿತು. ವಿದ್ಯುತ್ ಮಿತವ್ಯಯ, ಸೌರಶಕ್ತಿಗಳ ಜೊತೆಗೆ ಹಳ್ಳಿಗಳ ಗೋಬರ್ ಗ್ಯಾಸ್ ಹಾಗೂ ಸುಧಾರಿತ ಒಲೆಗಳ ಯೋಜನೆಗಳೂ ತನ್ನ ಲೆಕ್ಕದಲ್ಲಿವೆಯೆಂದು ಅದು ಬಹಿರಂಗವಾಗಿ ತಿಳಿಸಿದೆ.

ಯುರೋಪಿನಲ್ಲಿ ವಿವಾದ ನ್ಯಾಯಾಲಯ ಮುಟ್ಟಿತು. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ ಕೆಎಲ್‌ಎಂ ವಿಮಾನ ಸಂಸ್ಥೆಯ ಹಲವು ಪರಿಸರ ಹೇಳಿಕೆಗಳು ದಾರಿತಪ್ಪಿಸುವಂಥವೆಂದಿತು. ಜೂನ್‌ನಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ, ಮಿಠಾಯಿ ತಯಾರಕ ಕಾಟ್ಯೆಸ್ ಪ್ರಕರಣದಲ್ಲಿ, ಹವಾಮಾನ ತಟಸ್ಥವೆಂಬ ಮಾತಿನ ಅರ್ಥವನ್ನು ಜಾಹೀರಾತಿನಲ್ಲೇ ವಿವರಿಸಬೇಕೆಂದು ತೀರ್ಪಿತ್ತಿತು. ಕೇವಲ ಕ್ರೆಡಿಟ್ ಆಧರಿಸಿ ಸರಕನ್ನು ತಟಸ್ಥವೆನ್ನುವುದನ್ನು ನಿಷೇಧಿಸುವ ಯುರೋಪಿಯನ್ ಒಕ್ಕೂಟದ ನಿಯಮದ ಅನ್ವಯಕ್ಕೆ 2026ರ ಸೆಪ್ಟೆಂಬರ್ 27 ನಿಗದಿಯಾಯಿತು.

ಭಾರತದಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿಯ ಮಾರ್ಗಸೂಚಿ 2024ರ ಫೆಬ್ರವರಿ 15ರಿಂದ ಜಾರಿಯಾಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಮಾರ್ಗಸೂಚಿ ಹೊರಡಿಸಿ, ಇಂಗಾಲ ತಟಸ್ಥದಂಥ ಪದಗಳನ್ನು ಸೂಕ್ತ ವಿವರಣೆ, ಆಧಾರಗಳಿಲ್ಲದೆ ಬಳಸಬಾರದೆಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಅದರ 17ನೇ ಕಲಮಿನನ್ವಯ ದೂರನ್ನು ಜಿಲ್ಲಾಧಿಕಾರಿಗೂ ಕೊಡಬಹುದಾದ್ದರಿಂದ ಉದಾಹರಣೆಗೆ ಯಾದಗಿರಿ ಜಿಲ್ಲೆಯ ವಡಗೇರಾದ ಗ್ರಾಹಕರು ಜಿಲ್ಲಾ ಕೇಂದ್ರವಾದ ಯಾದಗಿರಿಯಲ್ಲೇ ಅದನ್ನು ಸಲ್ಲಿಸಬಹುದು. ಆದರೆ ಭಾರತದ ಮಾರ್ಗಸೂಚಿ ತಟಸ್ಥತೆಯ ಹೇಳಿಕೆಯನ್ನೇ ನಿಷೇಧಿಸದೆ ಆಧಾರ ಕೇಳುವುದರಿಂದ, ಕ್ರೆಡಿಟ್‌ನ ಹಿಂದಿರುವ ಅಂದಾಜು ಎಷ್ಟು ಗಟ್ಟಿ ಎಂಬ ಪ್ರಶ್ನೆ ಇಲ್ಲಿ ಪ್ರತಿ ಜಾಹೀರಾತಿಗೂ ಪ್ರತ್ಯೇಕವಾಗಿ ಎದುರಾಗುತ್ತದೆ.